ಹೊಟ್ಟೆಯೊಳಗೆ ಕ್ಯಾಮೆರಾ: ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ಹೋಗುವ ಮುಂಚೆ

ತೀರ್ಥಹಳ್ಳಿಯಲ್ಲಿ ಅಡಿಕೆ ಬೆಳೆಗಾರರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಒಟ್ಟಿಗೆ ಬಂದಿರುವ ಹೊತ್ತಿನಲ್ಲಿ ಬಿಡುವು ಮಾಡಿಕೊಂಡು ಬಂದಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ.

ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರು ಕೈ ಎತ್ತಿ. ಪರವಾಗಿಲ್ಲ, ನಾಚಿಕೆ ಬೇಡ. ಅರ್ಧ ಸಭೆಯೇ ಎತ್ತಿತು ನೋಡಿ. ಈಗ, ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಕ್ಕೆ ತಗೊಳ್ಳುತ್ತಿರುವವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ. ಕಡಿಮೆಯಾಯಿತು, ಅಲ್ವಾ? ಉಳಿದವರಿಗೆ ಮೆಡಿಕಲ್ ಶಾಪಿನವರು ಕೊಟ್ಟದ್ದು, ಇಲ್ಲಾ ಭಾವನ ಚೀಟಿ ನೋಡಿ ತಂದದ್ದು. ಇನ್ನೊಂದೇ ಪ್ರಶ್ನೆ. ನಾಳೆ ಬಂದು ಎಂಡೋಸ್ಕೋಪಿ ಮಾಡಿಸಿಕೊಳ್ಳಿ ಎಂದರೆ ಯಾರು ಬರುತ್ತೀರಿ? ಒಂದೂ ಕೈ ಮೇಲೇಳಲಿಲ್ಲ.

ವರ್ಷಗಟ್ಟಲೆ ತಾವೇ ಮಾತ್ರೆ ತಂದು ನುಂಗಲು ಯಾರಿಗೂ ಹೆದರಿಕೆಯಿಲ್ಲ. ಹತ್ತು ನಿಮಿಷದ ಪೈಪಿಗೆ ಮಾತ್ರ ಎಲ್ಲರಿಗೂ ಹೆದರಿಕೆ. ಆ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಗಂಟಲೊಳಗೆ ಏನೋ ಇಳಿಯುತ್ತದೆ ಎಂದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಅರ್ಧ ಕೆಲಸ ಮಾತ್ರ ಡಾಕ್ಟರುಗಳಾದ ನಮ್ಮದು. ಇನ್ನರ್ಧ ನಿಮ್ಮ ಮನೆಯಲ್ಲೇ ಆಗುತ್ತದೆ: ಏನು ತಿಂದು ಬರುತ್ತೀರಿ, ಹೊಟ್ಟೆ ಎಷ್ಟು ಚೊಕ್ಕ ಮಾಡಿಕೊಂಡು ಬರುತ್ತೀರಿ, ಯಾವ ವಿಷಯ ಬಾಯಿಬಿಟ್ಟು ಹೇಳುತ್ತೀರಿ ಎಂಬುದರಲ್ಲಿ. ಇವತ್ತು ನಾನು ಜಾಸ್ತಿ ಮಾತಾಡುವುದು ಆ ಇನ್ನರ್ಧದ ಬಗ್ಗೆಯೇ.

ಪರೀಕ್ಷೆ ಏನು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಡೋಸ್ಕೋಪಿ ಬಾಯಿಯಿಂದ ಹೋಗುತ್ತದೆ. ಅನ್ನನಾಳ, ಜಠರ, ಸಣ್ಣ ಕರುಳಿನ ಶುರುವಿನ ಭಾಗ ನೋಡಿ ವಾಪಸ್ ಬರುತ್ತದೆ. ಕೊಲೊನೋಸ್ಕೋಪಿ ಗುದದ್ವಾರದಿಂದ ಹೋಗಿ ಪೂರ್ತಿ ದೊಡ್ಡ ಕರುಳು ನೋಡುತ್ತದೆ. ಬೇಕಾದರೆ ಸಣ್ಣ ಕರುಳಿನ ಕೊನೆಯ ತುದಿಯವರೆಗೂ ಇಣುಕುತ್ತದೆ. ಬಾಯಿಯಿಂದ ಹೋಗುವ ಪೈಪು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಸಣ್ಣ, ಅಂದರೆ ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿನಷ್ಟು ದಪ್ಪ. ಕೆಳಗಿನಿಂದ ಹೋಗುವುದು ಸ್ವಲ್ಪ ದಪ್ಪ, ಉದ್ದವೂ ಜಾಸ್ತಿ. ತುದಿಯಲ್ಲಿ ಬೆಳಕು ಮತ್ತು ಕ್ಯಾಮೆರಾ ಇರುತ್ತದೆ. ಗಾಳಿ ಊದಲು, ನೀರು ಹಾಯಿಸಿ ತೊಳೆಯಲು ದಾರಿ ಇರುತ್ತದೆ. ಸಣ್ಣ ಚಿಮಟ ಹಾಕಿ ಪರೀಕ್ಷೆಗೆಂದು ಒಳಪದರದ ಚೂರು ತೆಗೆಯಲೂ ಒಂದು ದಾರಿ ಇರುತ್ತದೆ. ಪೈಪು ಗಟ್ಟಿ ಅಲ್ಲ, ಬಳುಕುತ್ತದೆ. ಅದರ ತುದಿಯನ್ನು ನಾವು ಕೈಯಲ್ಲಿರುವ ಚಕ್ರ ತಿರುಗಿಸಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಬಾಗಿಸುತ್ತೇವೆ.

ಮೊದಲು ಹೀಗಿರಲಿಲ್ಲ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಎಂಬ ವೈದ್ಯರು ಜಠರದೊಳಗೆ ನೋಡಲು ನೆಟ್ಟಗಿನ ಲೋಹದ ಕೊಳವೆ ಬಳಸಿದರು. ಅದನ್ನು ನುಂಗಲು ಯಾರನ್ನು ಕರೆಸಿದರು ಗೊತ್ತಾ? ಜಾತ್ರೆಯಲ್ಲಿ ಕತ್ತಿ ನುಂಗಿ ತೋರಿಸುವವನನ್ನು. ಮಾಮೂಲಿ ಮನುಷ್ಯರಿಗೆ ಅದು ಆಗುವ ಮಾತಾಗಿರಲಿಲ್ಲ. ಬಳುಕುವ ಪೈಪು ಬಂದದ್ದು ಬೆಳಕನ್ನು ಬಗ್ಗಿಸಿ ಸಾಗಿಸುವ ಗಾಜಿನ ಎಳೆಗಳು ಬಂದ ಮೇಲೆ. ಈ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಬಹುದು ಎಂದು 1954ರಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಇನ್ನೊಬ್ಬರು ಲಂಡನ್ನಿನಲ್ಲಿ ಅವರ ಗುರುಗಳಾಗಿದ್ದ ಹೆರಾಲ್ಡ್ ಹಾಪ್ಕಿನ್ಸ್. ಕಪಾನಿಯವರಿಗೆ ಪದ್ಮವಿಭೂಷಣ ಬಂದದ್ದು 2021ರಲ್ಲಿ, ತೀರಿಕೊಂಡ ಮೇಲೆ. ಆ ಎಳೆಗಳಿಂದ ಮಾಡಿದ ಪೈಪನ್ನು ಬೇಸಿಲ್ ಹಿರ್ಶೋವಿಟ್ಜ್ ಎಂಬ ವೈದ್ಯರು 1957ರಲ್ಲಿ ಅಮೆರಿಕದಲ್ಲಿ ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿದರು. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ. ಈ ಪರೀಕ್ಷೆ ನಿನ್ನೆ ಮೊನ್ನೆ ಬಂದದ್ದಲ್ಲ ಎಂದು ತಿಳಿಯಲಿ ಅಂತ ಹೇಳಿದೆ.

ಸರಿ, ಯಾರಿಗೆ ಬೇಕು? ಹೊಟ್ಟೆ ಉಬ್ಬರ, ಹುಳಿತೇಗು ಬಂದವರಿಗೆಲ್ಲ ಬೇಡ. ವಯಸ್ಸು ಚಿಕ್ಕದು, ಬೇರೆ ತೊಂದರೆ ಇಲ್ಲ ಎಂದರೆ ಊಟ ತಿಂಡಿ ಸರಿಮಾಡಿ, ಕೆಲವು ವಾರ ಔಷಧಿ ಕೊಟ್ಟು ನೋಡುತ್ತೇವೆ. ಆರಾಮಾದರೆ ಅಲ್ಲಿಗೆ ಮುಗಿಯಿತು. ‘ಪ್ಯಾಕೇಜ್‌ನಲ್ಲಿ ಎಲ್ಲ ಒಟ್ಟಿಗೆ ಮಾಡಿಸಿಬಿಡಿ ಮೇಡಂ’ ಎಂದು ಬರುವವರಿಗೆ ನಾನು ಸುಮ್ನೆ ಬೇಡ ಎಂದೇ ಹೇಳಿ ಕಳಿಸುತ್ತೇನೆ. ಆದರೆ ಕೆಲವು ಲಕ್ಷಣ ಇದ್ದರೆ ಕಾಯುವ ಹಾಗಿಲ್ಲ. ಊಟ ಗಂಟಲಿನ ಕೆಳಗೆ, ಎದೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು. ಮೊದಲು ರೊಟ್ಟಿ ಇಳಿಯುವುದಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿ. ಇದು ಹೀಗೆ ಹಂತಹಂತವಾಗಿ ಬಂದರೆ ಆ ವಾರವೇ ಬನ್ನಿ. ಕಾರಣವಿಲ್ಲದೆ ತೂಕ ಇಳಿಯುವುದು, ಪದೇಪದೇ ವಾಂತಿ, ರಕ್ತವಾಂತಿ, ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುವುದು. ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ, ಬಿಡದ ಹೊಟ್ಟೆನೋವು. ಮತ್ತೆ ಕಪ್ಪು ಮಲ.

ಈ ಕಪ್ಪು ಮಲದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮ ಕಡೆ ಸುಗ್ಗಿಯ ಹೊತ್ತಿನಲ್ಲಿ ಇದು ಜಾಸ್ತಿ. ಚಳಿಗಾಲದಲ್ಲಿ ಕೊನೆಕೊಯ್ಲು ಶುರುವಾದರೆ ಮೈಕೈ ನೋವು ಎಲ್ಲರಿಗೂ. ಸುಲಿಯಲು ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತ ಹೆಂಗಸರಿಗೆ ಸೊಂಟ ಎತ್ತಲು ಆಗುವುದಿಲ್ಲ. ಬೆಳಿಗ್ಗೆ ಕೆಲಸ ನಿಲ್ಲುವ ಹಾಗಿಲ್ಲ. ಡೈಕ್ಲೋಫೆನಾಕ್ ಇರುವ ನೋವಿನ ಮಾತ್ರೆ ಒಂದು ನುಂಗಿ ಹೊರಡುತ್ತಾರೆ. ಸಂಜೆ ಇನ್ನೊಂದು. ವಾರಗಟ್ಟಲೆ ಹೀಗೇ. ಈ ಮಾತ್ರೆಗಳು ನೋವನ್ನು ತಡೆಯುವ ದಾರಿಯಲ್ಲೇ ಜಠರದ ಒಳಪದರಕ್ಕೆ ಇರುವ ರಕ್ಷಣೆಯನ್ನೂ ಕಿತ್ತುಹಾಕುತ್ತವೆ. ಆಗ ಅಲ್ಲೇ ತಯಾರಾಗುವ ಆಮ್ಲ ಪದರವನ್ನು ತಿನ್ನುತ್ತದೆ, ಹುಣ್ಣಾಗುತ್ತದೆ. ವಿಚಿತ್ರವೆಂದರೆ ನೋವಿನ ಮಾತ್ರೆ ತಿನ್ನುತ್ತಿರುವುದರಿಂದ ಹುಣ್ಣಿನ ನೋವೂ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೋಗುತ್ತದೆ. ಅದು ಜೀರ್ಣವಾದ ರಕ್ತ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ.

ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಅಂಟಂಟಾದ ಕಪ್ಪು, ಜೊತೆಗೆ ಸುಸ್ತು, ಬೆವರು ಎಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬೇಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಬೆಳಿಗ್ಗೆ ಹೊರಡಲೂ ಆಗದೇ ಹೋಗಬಹುದು. ಇಂಥ ಹೊತ್ತಿನಲ್ಲಿ ಎಂಡೋಸ್ಕೋಪಿ ಬರೀ ನೋಡುವ ಪರೀಕ್ಷೆ ಅಲ್ಲ. ರಕ್ತ ಬರುವ ಜಾಗಕ್ಕೆ ಆ ಪೈಪಿನ ಮೂಲಕವೇ ಇಂಜೆಕ್ಷನ್ ಕೊಡುತ್ತೇವೆ, ಕ್ಲಿಪ್ ಹಾಕುತ್ತೇವೆ. ಕುಡಿತದಿಂದ ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಉಬ್ಬಿದ್ದರೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತೇವೆ. ಹೊಟ್ಟೆ ಕೊಯ್ಯುವ ಪ್ರಸಂಗ ಎಷ್ಟೋ ಸಲ ಇಲ್ಲೇ ತಪ್ಪುತ್ತದೆ.

ಇನ್ನೊಂದು ಮಾತು. ಎದೆಯುರಿಯ ಜೊತೆ ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರು ಕಟ್ಟುವುದು ಇದ್ದರೆ ಮೊದಲು ಇಸಿಜಿ. ಎಂಡೋಸ್ಕೋಪಿ ಆಮೇಲೆ. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗಿದ ಹಾರ್ಟ್ ಅಟ್ಯಾಕ್‌ಗಳ ಕಥೆ ಪ್ರತಿ ಊರಿನಲ್ಲೂ ಇದೆ.

ಈಗ ಕೋಣೆಯೊಳಗೆ ಹೋಗೋಣ. ಎಂಡೋಸ್ಕೋಪಿಗೆ ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಬರೀ ನೀರನ್ನು ಎರಡು ಗಂಟೆ ಮುಂಚಿನವರೆಗೂ ಸ್ವಲ್ಪ ಕುಡಿಯಬಹುದು. ಇಲ್ಲೇ ಎಡವಟ್ಟಾಗುವುದು. ‘ಏನೂ ತಿಂದಿಲ್ಲ ಮೇಡಂ, ಬಸ್ ಹತ್ತುವ ಮುಂಚೆ ಒಂದು ಲೋಟ ಕಷಾಯ ಅಷ್ಟೇ.’ ಹಾಲು ಬೆಲ್ಲ ಹಾಕಿದ ಕಷಾಯ ನಮ್ಮ ಲೆಕ್ಕದಲ್ಲಿ ಊಟ. ಹಾಲು ಹಾಕಿದ ಕಾಫಿಯೂ ಊಟವೇ. ಹೊಟ್ಟೆಯಲ್ಲಿ ಹಾಲಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಹಾಗೆಯೇ ಬೆಳಿಗ್ಗೆ ಒಂದು ಕವಳ, ಅಂದರೆ ಎಲೆಅಡಿಕೆ, ಹಾಕಿ ಬರುವವರು. ಪೈಪು ನಾಲಿಗೆ ದಾಟುತ್ತಿದ್ದ ಹಾಗೆ ತೆರೆಯ ಮೇಲೆ ಎಲ್ಲ ಕೆಂಪು. ರಕ್ತವೋ ಕವಳವೋ ಎಂದು ನಾವು ತೊಳೆದು ತೊಳೆದು ನೋಡಬೇಕು. ಆ ಒಂದು ಬೆಳಿಗ್ಗೆ ಬಿಡಿ.

ಒಳಗೆ ಬಂದ ಮೇಲೆ ಕಟ್ಟುಹಲ್ಲು ಇದ್ದರೆ ತೆಗೆದಿಡುತ್ತಾರೆ. ಗಂಟಲಿಗೆ ಜೋಮು ಹಿಡಿಸುವ ಲಿಗ್ನೋಕೇನ್ ಸ್ಪ್ರೇ ಹೊಡೆಯುತ್ತಾರೆ. ಕಹಿ ಇರುತ್ತದೆ, ನುಂಗಬೇಕು. ಒಂದೆರಡು ನಿಮಿಷಕ್ಕೆ ಗಂಟಲು ದಪ್ಪಗಾದ ಹಾಗೆ, ಉಗುಳು ನುಂಗಲು ಬಾರದ ಹಾಗೆ ಅನ್ನಿಸುತ್ತದೆ. ಉಸಿರು ಕಟ್ಟಿತು ಎಂದು ಇಲ್ಲೇ ಬಹಳ ಜನ ಹೆದರುವುದು. ಉಸಿರಿನ ದಾರಿ ಬೇರೆ, ಅದು ತೆರೆದೇ ಇರುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಇಡುತ್ತಾರೆ. ಪೈಪನ್ನು ನೀವು ಕಚ್ಚದಿರಲಿ ಎಂದು ಅದು. ಕೆನ್ನೆಯ ಕೆಳಗೆ ಟವೆಲ್ ಇರುತ್ತದೆ. ಜೊಲ್ಲನ್ನು ನುಂಗಬೇಡಿ, ಹಾಗೇ ಹರಿಯಲು ಬಿಡಿ. ಪೈಪು ನಾಲಿಗೆಯ ಬುಡಕ್ಕೆ ಬಂದಾಗ ‘ಒಂದು ಸಲ ನುಂಗಿ’ ಎನ್ನುತ್ತೇವೆ. ಆ ನುಂಗುವಿಕೆಯಲ್ಲಿ ಅನ್ನನಾಳ ತೆರೆಯುತ್ತದೆ, ಪೈಪು ಇಳಿಯುತ್ತದೆ. ಓಕರಿಕೆ ಬರುವುದು ಆಗಲೇ. ಆಮೇಲೆ ಮೂಗಿನಲ್ಲಿ ನಿಧಾನ ಉಸಿರು ತಗೊಳ್ಳುತ್ತಾ ಇದ್ದರೆ ಆಯಿತು. ಗಾಳಿ ಊದಿದ್ದಕ್ಕೆ ಹೊಟ್ಟೆ ಉಬ್ಬುತ್ತದೆ, ತೇಗು ಬರುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಪೈಪು ಹೊರಗೆ. ಚೂರು ತೆಗೆದರೂ ನೋವಾಗುವುದಿಲ್ಲ. ಒಳಪದರಕ್ಕೆ ಚಿವುಟಿದ್ದು ಗೊತ್ತಾಗುವ ನರ ಇಲ್ಲ.

ಮಂಪರಿನ ಇಂಜೆಕ್ಷನ್ ಬೇಕಾ ಬೇಡವಾ ಎಂದು ನೀವು ಕೇಳಬಹುದು, ಕೇಳಿ. ಬರೀ ಸ್ಪ್ರೇಯಲ್ಲಿ ಮಾಡಿಸಿಕೊಂಡರೆ ಗಂಟಲಿನ ಜೋಮು ಇಳಿದ ಮೇಲೆ, ಅಂದರೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ನೀರು ಕುಡಿದು ಹೊರಡಬಹುದು. ಇಂಜೆಕ್ಷನ್ ತಗೊಂಡರೆ ನೆನಪೇ ಇರುವುದಿಲ್ಲ, ಆದರೆ ಜೊತೆಗೆ ಒಬ್ಬರು ಬೇಕೇ ಬೇಕು.

ತೆಗೆದ ಚೂರಿನಲ್ಲಿ ನಾವು ಹುಡುಕುವುದರಲ್ಲಿ ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹುಣ್ಣು ಬರುವುದು ಖಾರ ಮತ್ತು ಚಿಂತೆಯಿಂದ ಎಂದು ಡಾಕ್ಟರುಗಳೇ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಹಿಡಿದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನೇ ಕುಡಿದರು. ಕೆಲವೇ ದಿನದಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಜಠರ ಊದಿಕೊಂಡದ್ದು ಕಾಣಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ದೇಶದಲ್ಲಿ ತುಂಬಾ ಜನರ ಹೊಟ್ಟೆಯಲ್ಲಿ ಇದು ಇದೆ. ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಹುಣ್ಣಿದ್ದು ಇದೂ ಇದ್ದರೆ ಆಂಟಿಬಯೋಟಿಕ್ ಕೋರ್ಸ್ ಕೊಡುತ್ತೇವೆ, ಸಾಮಾನ್ಯವಾಗಿ 14 ದಿನ. ಬಾಯಿ ಕಹಿಯಾಯಿತು ಎಂದು ಐದನೇ ದಿನಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮುಂದಿನ ಸಲ ಅದೇ ಔಷಧಿ ಕೆಲಸವನ್ನೂ ಮಾಡುವುದಿಲ್ಲ.

ಆಗ ಕೈ ಎತ್ತಿದ ನಿಮ್ಮೆಲ್ಲರಿಗೂ ಸಂಬಂಧಪಟ್ಟದ್ದು ಇಲ್ಲಿದೆ. ಬೆಳಗಿನ ಗ್ಯಾಸ್ಟ್ರಿಕ್ ಮಾತ್ರೆ ತಿನ್ನುತ್ತಾ ಬಂದರೆ ಈ ಬ್ಯಾಕ್ಟೀರಿಯಾದ ಪರೀಕ್ಷೆ ಇದ್ದರೂ ಇಲ್ಲ ಎಂದು ತೋರಿಸಬಹುದು. ಅದಕ್ಕೆ ಎರಡು ವಾರ ಮೊದಲೇ ನಿಲ್ಲಿಸಿ ಎನ್ನುತ್ತೇವೆ. ಜಠರದ ಕ್ಯಾನ್ಸರಿನ ಶುರುವಿನ ಲಕ್ಷಣಗಳೂ ಈ ಮಾತ್ರೆಗೆ ಕೆಲಕಾಲ ತಗ್ಗಬಹುದು. ಮಾತ್ರೆ ಕೆಟ್ಟದ್ದಲ್ಲ, ಹೃದಯದ ಔಷಧಿಯ ಜೊತೆಗೆ ಎಷ್ಟೋ ಜನರಿಗೆ ನಾವೇ ಬರೆಯುತ್ತೇವೆ. ಅಂಥವರು ನನ್ನ ಮಾತು ಕೇಳಿ ಬಿಟ್ಟುಬಿಡಬೇಡಿ. ಕಾರಣ ಗೊತ್ತಿಲ್ಲದೆ ವರ್ಷಗಟ್ಟಲೆ ತಿನ್ನುವುದಕ್ಕೆ ನನ್ನ ತಕರಾರು.

ಅಡಿಕೆ ಬೆಳೆಗಾರರ ಮುಂದೆ ನಿಂತು ಅಡಿಕೆಯ ಬಗ್ಗೆ ಮಾತಾಡುವುದು ಕಷ್ಟ. ನಮ್ಮ ಮನೆಯೂ ಇದರಿಂದಲೇ ನಡೆದದ್ದು. ಆದರೂ ಡಾಕ್ಟರಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಹೊಗೆಸೊಪ್ಪು ಸೇರಿಸಿದ ಕವಳ ಬಾಯಿಯ ಜೊತೆ ಅನ್ನನಾಳದ ಕ್ಯಾನ್ಸರಿಗೂ ಕಾರಣ. ಬೆಲೆಯ ರಾಜಕೀಯ ಬೇರೆ, ದವಡೆಯ ಸಂದಿಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಮಲಗುವುದು ಬೇರೆ. ಅಂಥವರಿಗೆ ಊಟ ಸಿಕ್ಕಿಕೊಳ್ಳುತ್ತಿದೆ ಎಂದರೆ ಮಾತ್ರೆ ಕೊಟ್ಟು ಕಾಯುವ ಪ್ರಶ್ನೆಯೇ ಇಲ್ಲ, ನೇರ ಎಂಡೋಸ್ಕೋಪಿ.

ಈಗ ಕೊಲೊನೋಸ್ಕೋಪಿ. ಇದರಲ್ಲಿ ಹೆದರಿಕೆಗಿಂತ ಸಂಕೋಚ ಜಾಸ್ತಿ. ಮಲದಲ್ಲಿ ರಕ್ತ ಹೋದರೆ ಗಂಡನಿಗೂ ಹೇಳದ ಹೆಂಗಸರಿದ್ದಾರೆ. ಹೇಳಿದವರೂ ಪೈಲ್ಸ್ ಎಂದು ತಾವೇ ತೀರ್ಮಾನ ಮಾಡಿ, ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ಬೋರ್ಡ್ ನೋಡಿಕೊಂಡೋ, ಯಾರೋ ಹೇಳಿದ ಬೇರು ಅರೆದು ಕುಡಿದೋ ತಿಂಗಳುಗಟ್ಟಲೆ ಕಳೆಯುತ್ತಾರೆ. ನಿಜ, ಹೆಚ್ಚಿನ ಸಲ ಅದು ಪೈಲ್ಸೇ ಆಗಿರುತ್ತದೆ. ಆದರೆ ಪೈಲ್ಸ್ ಮತ್ತು ಗುದನಾಳದ ಗಡ್ಡೆ ಎರಡೂ ಶುರುವಿನಲ್ಲಿ ಒಂದೇ ರೀತಿ ರಕ್ತ ಹಾಕುತ್ತವೆ. ನೋಡದೆ ಗೊತ್ತಾಗುವುದಿಲ್ಲ. ರಕ್ತದ ಜೊತೆ ಮಲ ಹೋಗುವ ಅಭ್ಯಾಸವೇ ಬದಲಾದರೆ, ಹೋಗಿ ಬಂದರೂ ಇನ್ನೂ ಇದೆ ಅನ್ನಿಸುತ್ತಿದ್ದರೆ, ತೂಕ ಇಳಿದರೆ ಮುಂದೂಡಬೇಡಿ. ಕರುಳಿನ ಟಿಬಿ ನಮ್ಮ ದೇಶದಲ್ಲಿ ಇನ್ನೂ ಇದೆ. ಕರುಳು ಊದಿಕೊಂಡು ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಕಾಯಿಲೆಗಳು ಚಿಕ್ಕ ವಯಸ್ಸಿನವರಲ್ಲೂ ಬರುತ್ತವೆ. ಇವನ್ನೆಲ್ಲ ಬೇರೆಬೇರೆ ಮಾಡಿ ಗುರುತಿಸುವುದು ಕೊಲೊನೋಸ್ಕೋಪಿ ಮತ್ತು ಅಲ್ಲಿ ತೆಗೆದ ಚೂರು.

ಇನ್ನು ತಯಾರಿ. ಆಷಾಢದಲ್ಲಿ ತುಂಗೆ ಕೆಂಪಾಗಿ ಹರಿಯುವಾಗ ಚಿಬ್ಬಲಗುಡ್ಡೆಗೆ ಹೋಗಿ ಮೀನು ನೋಡುತ್ತೇನೆ ಎಂದರೆ ಆಗುತ್ತದಾ? ಬೇಸಿಗೆಯಲ್ಲಿ ನೀರು ತಿಳಿಯಾದಾಗ ಕಲ್ಲಿನ ಸಂದಿಯ ಮರಿಮೀನೂ ಕಾಣುತ್ತದೆ. ಕರುಳೂ ಅಷ್ಟೇ. ಕೆಲವೇ ಮಿಲಿಮೀಟರಿನ ಗಂಟು ಹುಡುಕುತ್ತಿರುತ್ತೇವೆ. ಒಂದು ಚಮಚ ಮಲ ಅಂಟಿಕೊಂಡಿದ್ದರೂ ಅದು ಮುಚ್ಚಿಹೋಗುತ್ತದೆ. ತಯಾರಿ ಸರಿಯಿಲ್ಲದಿದ್ದರೆ ವಾಪಸ್ ಕಳಿಸಿ ಇನ್ನೊಂದು ದಿನ ಬನ್ನಿ ಎನ್ನಬೇಕಾಗುತ್ತದೆ. ಮತ್ತೆ ಅದೇ ಖರ್ಚು, ಅದೇ ಉಪವಾಸ.

ಎರಡು ಮೂರು ದಿನ ಮೊದಲೇ ನಾರು, ಬೀಜ, ಸಿಪ್ಪೆ ಬಿಡಿ. ನಮ್ಮ ಅಡುಗೆಯಲ್ಲಿ ಅಂದರೆ ಸೊಪ್ಪು, ಪತ್ರೊಡೆ, ಕಳಲೆ, ಹಲಸು, ಸೌತೆಕಾಯಿಯ ಬೀಜ, ಟೊಮೆಟೊ, ಕಾಳು, ರಾಗಿ, ಕೆಂಪಕ್ಕಿ, ಉಪ್ಪಿನಕಾಯಿಯ ಮಿಡಿ. ಇವೆಲ್ಲ ಒಳ್ಳೆಯ ಊಟವೇ, ಬೇರೆ ದಿನ ಧಾರಾಳವಾಗಿ ತಿನ್ನಿ. ಆ ಮೂರು ದಿನ ಬಿಳಿ ಅನ್ನ, ಮೊಸರು, ಇಡ್ಲಿ, ಮೊಟ್ಟೆ, ಮುಳ್ಳು ತೆಗೆದ ಮೀನು ಇಷ್ಟೇ. ಹಿಂದಿನ ದಿನ ಬೆಳಿಗ್ಗೆ ಸ್ವಲ್ಪ ತಿಂಡಿ ತಿಂದು ಆಮೇಲೆ ಬರೀ ತಿಳಿ ಪದಾರ್ಥ. ಎಳನೀರು, ಸೋಸಿದ ಗಂಜಿತಿಳಿ, ಸೋಸಿದ ತಿಳಿಸಾರು, ಹಾಲಿಲ್ಲದ ಟೀ, ಸೋಸಿದ ನಿಂಬೆ ಪಾನಕ. ಮಜ್ಜಿಗೆ ಬೇಡ. ಮುರುಗಲ ಹಣ್ಣಿನ ಪಾನಕ, ಬೀಟ್‌ರೂಟ್ ರಸ ಖಂಡಿತ ಬೇಡ. ಅದರ ಬಣ್ಣ ಕರುಳಿನಲ್ಲಿ ಉಳಿದರೆ ರಕ್ತದ ಹಾಗೇ ಕಾಣುತ್ತದೆ.

ಸಂಜೆ ಪುಡಿ ಕರಡಿದ ನೀರು ಕುಡಿಯಬೇಕು. ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಪುಡಿ, ಚೀಟಿಯಲ್ಲಿ ಪೆಗ್ ಎಂದು ಬರೆದಿರುತ್ತಾರೆ. ಅದು ಕರುಳಿನಿಂದ ಮೈಗೆ ಇಳಿಯುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಉಪ್ಪುಪ್ಪಾಗಿ, ಲೋಳೆಲೋಳೆಯಾಗಿರುತ್ತದೆ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ನಿಂಬೆ ಹಿಂಡಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿದರೆ ಇಳಿಯುತ್ತದೆ. ಅರ್ಧ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ನಸುಕಿನಲ್ಲಿ. ಪರೀಕ್ಷೆಗೆ ಕನಿಷ್ಠ ಎರಡು ಗಂಟೆ ಮೊದಲು ಮುಗಿದಿರಬೇಕು. ‘ಸಂಜೆಯೇ ಎಲ್ಲ ಹೋಯಿತು, ಬೆಳಗಿನದು ಬೇಡ’ ಎಂದು ಬಿಡಬೇಡಿ. ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಮತ್ತೆ ಇಳಿದು ಬಂದಿರುತ್ತದೆ. ಕೊನೆಗೆ ಹೋಗುವುದು ಮೂತ್ರದಂತೆ ತಿಳಿ ಹಳದಿ ನೀರಾಗಿರಬೇಕು. ಕಸರು ಇದ್ದರೆ ಆಸ್ಪತ್ರೆಗೆ ಬಂದ ಕೂಡಲೇ ನರ್ಸ್‌ಗೆ ಹೇಳಿ.

ಮಲೆನಾಡಿನವರಿಗೆ ದೊಡ್ಡ ತೊಂದರೆ ಇಲ್ಲಿ ಶುರುವಾಗುತ್ತದೆ. ಪರೀಕ್ಷೆ ಶಿವಮೊಗ್ಗದಲ್ಲಿ, ಮನೆ ಹೊಸನಗರದ ಒಳಗೆ. ಆರು ಗಂಟೆಗೆ ಪುಡಿ ಕುಡಿದು ಏಳರ ಬಸ್ ಹತ್ತಿದರೆ ಏನಾಗುತ್ತದೆ ನೀವೇ ಯೋಚಿಸಿ. ತಿರುವುಗಳ ರಸ್ತೆ, ಎರಡು ಗಂಟೆ ಪ್ರಯಾಣ. ಇದೇ ಭಯಕ್ಕೆ ಅರ್ಧ ಪುಡಿ ಕುಡಿದು ಬಂದುಬಿಡುತ್ತಾರೆ. ತಪ್ಪು ಅವರದ್ದಲ್ಲ, ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಬರೆದ ಸೂಚನೆಯನ್ನೇ ಇವರ ಕೈಗೂ ಕೊಡುತ್ತೇವೆ. ಹಾಗಾಗಿ ದಿನ ಗೊತ್ತುಮಾಡುವಾಗಲೇ ಹೇಳಿ: ‘ನಮ್ಮೂರು ಇಷ್ಟು ದೂರ, ಮಧ್ಯಾಹ್ನದ ಹೊತ್ತು ಕೊಡಿ.’ ಇಲ್ಲದಿದ್ದರೆ ಹಿಂದಿನ ದಿನವೇ ಬಂದು ಶಿವಮೊಗ್ಗದ ನೆಂಟರ ಮನೆಯಲ್ಲೋ ಆಸ್ಪತ್ರೆ ಹತ್ತಿರದ ಲಾಡ್ಜಿನಲ್ಲೋ ಉಳಿಯಿರಿ, ಪುಡಿಯನ್ನು ಅಲ್ಲೇ ಕುಡಿಯಿರಿ. ನೆಂಟರ ಮನೆಯಲ್ಲಿ ಒಂದೇ ಬಚ್ಚಲಾದರೆ ಮೊದಲೇ ವಿಷಯ ಹೇಳಿಬಿಡಿ, ಸಂಕೋಚ ಬೇಡ. ಸಾಗರ, ಆನಂದಪುರದ ಕಡೆಯವರಿಗೆ ತಾಳಗುಪ್ಪ ರೈಲಾದರೂ ಇದೆ, ಅದರಲ್ಲಿ ಶೌಚಾಲಯ ಇದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಮೊದಲಿನ ಹಾಗೆ ಲಾಂಚಿಗೆ ಕಾಯಬೇಕಿಲ್ಲ, ಸೇತುವೆ ಬಂದಿದೆ. ಆದರೂ ಪುಡಿ ಕುಡಿದು ಹೊರಡುವ ದೂರ ಅದಲ್ಲ.

ಔಷಧಿಗಳ ವಿಷಯ. ಮನೆಯಲ್ಲಿ ತಿನ್ನುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿ ತನ್ನಿ, ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ಬೇಡ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಕಡ್ಡಾಯವಾಗಿ ಹೇಳಿ. ಹೇಳಿ ಎಂದೆ, ನಿಲ್ಲಿಸಿ ಎನ್ನಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲು ಬಿಡಿಸುತ್ತೇವೆ, ಅದು ಕರುಳಿಗೆ ಕಪ್ಪಗೆ ಅಂಟುತ್ತದೆ. ಶುಗರ್ ಇರುವವರು ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಎಷ್ಟು ತಗೊಳ್ಳಬೇಕು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತಗೊಳ್ಳಿ ಎನ್ನುತ್ತೇವೆ. ಕಿಡ್ನಿ, ಹೃದಯದ ತೊಂದರೆ ಇದ್ದರೆ ಪುಡಿ ಕುಡಿಯುವ ಮುಂಚೆಯೇ ಹೇಳಬೇಕು. ನಾಟಿ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಯಾರೂ ಬೈಯುವುದಿಲ್ಲ.

ಪರೀಕ್ಷೆ 20ರಿಂದ 40 ನಿಮಿಷ. ಹೆಚ್ಚಾಗಿ ಮಂಪರು ಕೊಟ್ಟೇ ಮಾಡುತ್ತೇವೆ. ಮೈ ಮೇಲೆ ಹೊದಿಕೆ ಇರುತ್ತದೆ, ಬೇಕಾದಷ್ಟು ಜಾಗ ಮಾತ್ರ ತೆರೆದಿರುತ್ತದೆ. ಪೈಪನ್ನು ದೊಡ್ಡ ಕರುಳಿನ ಕೊನೆ ಮುಟ್ಟಿಸಿ, ನಿಧಾನವಾಗಿ ಹಿಂದೆ ತರುತ್ತಾ ನೋಡುತ್ತೇವೆ. ಹಿಂದೆ ಬರುವುದಕ್ಕೆ ಕನಿಷ್ಠ 6 ನಿಮಿಷವಾದರೂ ಕೊಡಬೇಕು ಎಂಬುದು ನಮ್ಮ ನಿಯಮ. ಪಾಲಿಪ್ ಎಂಬ ಗಂಟು ಕಂಡರೆ ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆಯುತ್ತೇವೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಿನ ಸಲ ಒಂದು ಬಗೆಯ ಪಾಲಿಪ್‌ನಿಂದಲೇ ಶುರುವಾಗುತ್ತದೆ, ಅದಕ್ಕೆ ಹಲವು ವರ್ಷ ಬೇಕು. ಆ ವರ್ಷಗಳೇ ನಮಗೆ ಸಿಗುವ ಅವಕಾಶ. ಅಮೆರಿಕದಲ್ಲಿ 45 ದಾಟಿದ ಎಲ್ಲರಿಗೂ ದೊಡ್ಡ ಕರುಳಿನ ಯಾವುದಾದರೊಂದು ತಪಾಸಣೆ ಮಾಡಿಸಿ ಎನ್ನುತ್ತಾರೆ. ನಮ್ಮಲ್ಲಿ ಈ ಕ್ಯಾನ್ಸರ್ ಅಷ್ಟಿಲ್ಲ, ಎಲ್ಲರಿಗೂ ಮಾಡುವ ಸರ್ಕಾರಿ ಕಾರ್ಯಕ್ರಮವೂ ಇಲ್ಲ. ಆದರೆ ತಂದೆ ತಾಯಿಗೋ, ಒಡಹುಟ್ಟಿದವರಿಗೋ ಬಂದಿದ್ದರೆ ತೊಂದರೆ ಇಲ್ಲದಿದ್ದರೂ ಒಮ್ಮೆ ಕೇಳಿಕೊಳ್ಳಿ.

ಅಪಾಯವೇ ಇಲ್ಲವಾ ಎಂದರೆ ಇದೆ. ಕರುಳು ತೂತಾಗಬಹುದು. ಬರೀ ನೋಡಿ ಬರುವ ಕೊಲೊನೋಸ್ಕೋಪಿಯಲ್ಲಿ ಅದು ಸುಮಾರು ಸಾವಿರಕ್ಕೊಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಪಾಲಿಪ್ ತೆಗೆದರೆ ಸ್ವಲ್ಪ ಜಾಸ್ತಿ. ಪಾಲಿಪ್ ತೆಗೆದ ಮೇಲೆ ಎರಡು ವಾರದವರೆಗೂ ರಕ್ತಸ್ರಾವ ಆಗಬಹುದು. ಅಷ್ಟು ದಿನ ಫೋನ್ ಸಿಗ್ನಲ್ ಇಲ್ಲದ, ಗಾಡಿ ಹೋಗದ ಕಡೆ ಉಳಿಯಬೇಡಿ. ಹೊಟ್ಟೆ ಗಟ್ಟಿಯಾಗಿ ವಿಪರೀತ ನೋವು, ಜ್ವರ, ಜಾಸ್ತಿ ರಕ್ತ ಕಂಡರೆ ಕೂಡಲೇ ವಾಪಸ್ ಬನ್ನಿ. ಸ್ವಲ್ಪ ಹೊಟ್ಟೆ ಉಬ್ಬರ, ಗಾಳಿ ಹೋಗುವುದು ಮಾತ್ರ ಮಾಮೂಲು.

ಇನ್ನು ನೀವು ಕೇಳಿದ ಪ್ರಶ್ನೆಗಳು.

‘ಮೇಡಂ, ಒಂದೇ ಪೈಪನ್ನು ಎಲ್ಲರಿಗೂ ಹಾಕುತ್ತಾರಂತೆ?’ ಹೌದು. ಆದರೆ ಒಬ್ಬರಿಂದ ಒಬ್ಬರಿಗೆ ಹೋಗುವ ನಡುವೆ ಅದನ್ನು ಸೋಪಿನ ದ್ರಾವಣದಲ್ಲಿ ತೊಳೆದು, ಒಳಗಿನ ದಾರಿಗಳಿಗೆ ಉದ್ದನೆಯ ಬ್ರಷ್ ಹಾಕಿ ಉಜ್ಜಿ, ಗ್ಲುಟರಾಲ್ಡಿಹೈಡ್ ತರಹದ ಕ್ರಿಮಿನಾಶಕದಲ್ಲಿ ಹೇಳಿದಷ್ಟು ಹೊತ್ತು ಮುಳುಗಿಸಿ, ಮತ್ತೆ ತೊಳೆದು ಒಣಗಿಸಬೇಕು. ನೀವು ಹೋದ ಕಡೆ ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಜಾಗವಾದರೆ ಬೇರೆ ಕಡೆ ನೋಡಿ.

‘ಹೊಟ್ಟೆ ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಮತ್ತೆ ಇದು ಯಾಕೆ?’ ಅಲ್ಟ್ರಾಸೌಂಡ್‌ನಲ್ಲಿ ಲಿವರ್, ಪಿತ್ತಕೋಶ, ಕಿಡ್ನಿ ಚೆನ್ನಾಗಿ ಕಾಣುತ್ತವೆ. ಜಠರ, ಕರುಳಿನ ಒಳಪದರ ಕಾಣುವುದಿಲ್ಲ, ಒಳಗಿನ ಗಾಳಿ ಅಡ್ಡ ಬರುತ್ತದೆ. ಎರಡೂ ಬೇರೆ ಪರೀಕ್ಷೆ.

‘ನಾನೇ ಬೈಕಿನಲ್ಲಿ ಬಂದು ಹೋಗಬಹುದಾ?’ ಮಂಪರಿನ ಇಂಜೆಕ್ಷನ್ ತಗೊಂಡರೆ ಇಲ್ಲ. ಎಚ್ಚರವಾದ ಹಾಗೆ ಅನ್ನಿಸಿದರೂ 24 ಗಂಟೆ ಗಾಡಿ ಓಡಿಸಬಾರದು. ಮೋಟಾರು ಯಂತ್ರ, ಅಡಿಕೆ ಸುಲಿಯುವ ಮಿಷನ್ ಹತ್ತಿರ ಹೋಗಬಾರದು. ಆಸ್ತಿ ಪತ್ರಕ್ಕೆ ಸಹಿಯನ್ನೂ ಹಾಕಬಾರದು. ಇದು ತಮಾಷೆಯಲ್ಲ, ಆ ದಿನ ನಡೆದದ್ದು ಮರುದಿನ ನೆನಪಿರುವುದಿಲ್ಲ.

‘ಮೊಮ್ಮಗ ರಿಮೋಟಿನ ಸಣ್ಣ ಸೆಲ್ ನುಂಗಿದರೆ ಬಾಳೆಹಣ್ಣು ತಿನ್ನಿಸಿದರೆ ಹೋಗುತ್ತದಾ?’ ತಿನ್ನಿಸಬೇಡಿ, ವಾಂತಿಯನ್ನೂ ಮಾಡಿಸಬೇಡಿ. ಗುಂಡನೆಯ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರುಮಾಡುತ್ತದೆ. ನಾಣ್ಯಕ್ಕಿಂತ ಇದು ಅಪಾಯ. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ಆಸ್ಪತ್ರೆಗೆ ನೇರ ಹೋಗಿ.

‘ರಿಪೋರ್ಟ್ ನಾರ್ಮಲ್ ಬಂದರೆ ದುಡ್ಡು ದಂಡ ಅಲ್ವಾ?’ ಹುಣ್ಣಿಲ್ಲ, ಗಡ್ಡೆಯಿಲ್ಲ ಎಂದು ಗೊತ್ತಾದ ಮೇಲೆ ಔಷಧಿಯ ದಾರಿಯೇ ಬದಲಾಗುತ್ತದೆ. ಕರುಳು ಚೆನ್ನಾಗಿದ್ದೂ ಅದರ ಚಲನೆ ಏರುಪೇರಾಗುವ ಐಬಿಎಸ್ ತರಹದ ತೊಂದರೆಗಳಿವೆ, ಅದಕ್ಕೆ ಬೇರೆ ಚಿಕಿತ್ಸೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಅಮ್ಮನದು. ಯಜಮಾನರಿಗೆ ಕಳೆದ ವರ್ಷ ಎಂಡೋಸ್ಕೋಪಿ ಮಾಡಿ ಚೂರು ತೆಗೆದಿದ್ದರಂತೆ. ಆರಾಮಾಯಿತು ಎಂದು ಬಯಾಪ್ಸಿ ರಿಪೋರ್ಟ್ ತರಲು ಹೋಗಲೇ ಇಲ್ಲವಂತೆ. ಅಮ್ಮ, ಪೈಪು ಹಾಕಿದ ದಿನ ನಾವು ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುತ್ತೇವೆ. ಚೂರು ಲ್ಯಾಬಿಗೆ ಹೋಗಿ ಉತ್ತರ ಬರಲು ಒಂದು ವಾರದ ಮೇಲಾಗಬಹುದು. ಆರಾಮಾಗಿದ್ದರೂ ಅದನ್ನು ನೋಡಲೇಬೇಕು. ಈ ವಾರ ಶಿವಮೊಗ್ಗಕ್ಕೆ ಹೋಗುವವರು ಯಾರಾದರೂ ಇದ್ದರೆ ಹಳೆಯ ಚೀಟಿಯ ನಂಬರ್ ಕೊಟ್ಟು ಕಳಿಸಿ, ಹುಡುಕಿಕೊಡುತ್ತಾರೆ. ರಿಪೋರ್ಟ್ ಸಿಕ್ಕಿದ ಮೇಲೆ ಯಜಮಾನರನ್ನೂ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.